ನಾನೂರಾ ಹನ್ನೆರಡನೇ ಕಂತು

ನಿನ್ನಿ ರಾತ್ರಿ ಕಂತು ಕೆಟ್ಟಿತ್ತು.
ಸುಮ್ಮನ ಬಾಯಿಗೆ ಬಂದಂಗ ಹೇಳಾಂವ ಅಲ್ಲ ನಾನು,
ಸೊಲ್ಲಾಪುರದ ಅಕ್ಕಲಕೋಟ ರೋಡಿನ ಕಾರಖಾನ್ಯಾಗ
ಇಪ್ಪತ್ತಾರು ವರ್ಷ ಜಕಾರ್ಡಿನ ರಟ್ಟಿಗೆ ತೂತು ಹೊಡದಾಂವ.
ಯಾವ ತೂತಿಗೆ ಯಾವ ಎಳಿ ಏಳತದ,
ಯಾವ ಎಳಿ ಎದ್ದರ ನವಿಲಿಗೆ ಕಣ್ಣು ಬರತದ,
ಅಷ್ಟು ಗೊತ್ತದ.
ಚಾದರ ಕೈಯಾಗ ಹಿಡದರ ಸಾಕು:
ಇದು ಮನಸಿಟ್ಟು ಮಾಡಿದ್ದು,
ಇದು ಊಟದ ಭೋಂಗಾಕ್ಕ ಕಿವಿ ಕೊಟ್ಟು ಮಾಡಿದ್ದು.

ಟಪಾಲ ಝುಂಬರನ ಕಾರ್ಟೂನು
ಇಪ್ಪತ್ತು ವರ್ಷದಿಂದ ಐತವಾರ ಒಂಬತ್ತಕ್ಕ.
ಅವನ ಚೀಲದ ತಳದಾಗ ಒಂದು ಲಕೋಟಿ,
ಮೊದಲನೇ ಕಂತಿನಾಗ ಮುಟ್ಟಸಬೇಕಾಗಿದ್ದದ್ದು.
ಮಳಿ ಬಂತು, ನಾಯಿ ಬಂತು, ಹೆಂಡತಿ ತಮ್ಮ ಬಂದ.
ಒಮ್ಮೆ ವಿಳಾಸದ ಮನೀನ ಎದ್ದು ಓಡಿತು,
ಪಡಸಾಲಿ ಎತ್ತಿ ಹಿಡಕೊಂಡು, ಸೀರಿ ಎತ್ತಿ ಹಿಡದಂಗ.
ಆವತ್ತು ನಮ್ಮವ್ವ ನಕ್ಕು ನಕ್ಕು
ಹಲ್ಲಿನ ಸೆಟ್ಟು ಶೇಂಗಾ ಚಟ್ನ್ಯಾಗ ಕೆಡವಿದಳು.
ಅದು ಕಂತು.

ನಿನ್ನಿ ಏನು ಮಾಡಿದರು?
ಲಕೋಟಿ ಒಡದರು.
ಒಳಗ ಸಾಬಾಣದ ಜಾಹೀರಾತು.
ಹಿಂದ ಮಂದಿ ನಕ್ಕ ಸಪ್ಪಳ ಹಾಕಿದರು,
ಉಂಡಾಂವನ ಹೊಟ್ಟಿ ಬಡಿಸಿದಾಂವನ ಸವರಿದಂಗ.
ಝುಂಬರ ಕಣ್ಣು ಹಿಗ್ಗಿಸಿದ. ಹೆಂಡತಿ ಲಟ್ಟಣಿಗಿ ಎತ್ತಿದಳು.
ಮುಗೀತು.

ಸಾಬಾಣ ಆಗಬಾರದಿತ್ತು ಅಂತಲ್ಲ.
ಸಾಬಾಣನೇ ಆಗಲಿ.
ಆದರ ಇಪ್ಪತ್ತು ವರ್ಷ ಹೊತ್ತ ಹೆಗಲು
ಖಾಲಿ ಆದದ್ದು ತೋರಿಸಬೇಕಿತ್ತಲ್ಲ.
ಭಾರ ಇಳಿಸಿದಾಂವ ಒಂದು ತಾಸು
ಆಚಿ ಕಡಿ ವಾಲಿ ನಡೀತಾನ,
ನೂಲಿನ ಬೀಮು ಹೊರೂ ಹಮಾಲರನ್ನ ಕೇಳರಿ.
ಇಂವ ಕುಣಕೋತ ಹ್ವಾದ.
ಮತ್ತ ಆ ಸಣ್ಣ ಹುಡುಗಿ,
ಇನ್ನೂ ಮೂರನೇ ಇಯತ್ತೆ, ಇರಲಿ, ಸಾಲಿ ಬಿಡಸಬ್ಯಾಡರಿ,
ಆದರ ಅಪ್ಪ ಲಕೋಟಿ ಹರಿಯೂ ಹೊತ್ತಿಗೆ
ಯಾರ ಹೆಸರಿಗೆ ಬಂದಿತ್ತಪಾ ಅಂತ
ಆಕಿಯರ ಕೇಳಬೇಕಿತ್ತು.
ಯಾರೂ ಕೇಳಲಿಲ್ಲ.

ಸಾತಲಿಂಗ ಅಂದ, ಬಿಡೋ ಮಾರಾಯಾ, ಅದು ಮಕ್ಕಳ ಆಟ.
ನಾ ಅಂದೆ, ಮಕ್ಕಳಿಗಂದರ ಸಡ್ಲ ನೇಯತೀಯೇನು?
ಕೂಸಿನ ದುಪಟಿಗೆ ಎಳಿ ಕಡಿಮಿ ಹಾಕತೀಯೇನು?
ಹಾಕತೀವಲ್ಲ, ಅಂದ.
ಹೌದು. ಹಾಕತೀವಿ.
ಬಾಯಿ ಮುಚ್ಚಿದೆ.

ಮಹಾನಂದಾ ದವಾಖಾನಿ ಪಾಳಿಗೆ ಹೊಂಟಿದ್ದಳು,
ಹೆರಳಿನ ಪಿನ್ನು ಹಲ್ಲಾಗ ಕಚ್ಚಿಕೊಂಡು ನಿಂತೇ ನೋಡಿದಳು.
ಈ ಆಟ ಸುರು ಆದಾಗ ಆಕಿಗೆ ನಾಕು ವರ್ಷ.
ಹತ್ತಕ್ಕ ಮೂರು, ಅಂದೆ ನಾನು.
ನಾಕು, ಅಂದಳು.
ಆ ಒಂದು ಅಂಕದ ಸಲುವಾಗಿ ರೊಟ್ಟಿ ಆರಿದವು.
ಕಡೀಕ ಪಿನ್ನು ಸಿಗಸಕೋತ ಅಂದಳು,
ಬರಿಯಾಂವಗ ದಣಿವಾಗ್ಯಾದಪಾ, ಕಾಣವಲ್ದೇನು?
ದಣಿವಾದರ ನಿಲ್ಲಸಬೇಕು, ಅಂದೆ.
ಆಕಿ ಏನೂ ಅನಲಿಲ್ಲ.
ಹಾಸಿಗಿ ಮ್ಯಾಲಿನ ಚಾದರ ಜಗ್ಗಿ ಸಮ ಮಾಡಿದಳು,
ಬಸ್ಸಿಗೆ ಹ್ವಾದಳು.

ಇವತ್ತು ಮುಂಜಾನಿ ಅದೇ ನವಿಲಿನ ರಟ್ಟು ಏರಿಸಿದೆ.
ಹೊಸಾದು ಬ್ಯಾಡ, ಇದೇ ಹೋಗತದ, ಅಂತಾನ ಸೇಠ.
ತೂತು ಸವದು ಹರದು
ಒಂದು ಏಳೂ ಕಡಿ ಎರಡು ಎಳಿ ಏಳತಾವ,
ನವಿಲಿಗೆ ಮೆಳ್ಳಗಣ್ಣು.
ಮಧ್ಯಾಹ್ನತನಕ ನಲವತ್ತು ಚಾದರ ಇಳದವು,
ನಲವತ್ತೂ ನವಿಲು ನನ್ನ ಬಿಟ್ಟು
ನನ್ನ ಬಾಜೂಕ ಯಾರೋ ನಿಂತಂಗ ನೋಡಿದವು.

ಮುಂದಿನ ಐತವಾರ ಲಕೋಟಿ
ಮತ್ತ ಚೀಲದ ತಳದಾಗ ಇರತದ, ಅಂಟು ಹಚ್ಚಿದ್ದು.
ಅವರ ಕಸುಬು ನನಗ ಗೊತ್ತದ.
ಆದರೂ ಆ ಹೆಸರು ಯಾರದಿತ್ತು?
ಒಂಬತ್ತಕ್ಕ ಐದು ಮಿನಿಟು ಮೊದಲೇ ಕೂಡತೀನಿ.